ಹಗ್ಗದ ಆ ತುದಿ

ಸಾರ್ ತೀರಿಕೊಂಡ ಸುದ್ದಿ ನಮ್ಮ ಪಿಯುಸಿ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಮಧ್ಯಾಹ್ನದ ಹೊತ್ತಿಗೆ ಯಾರೋ ಆ ಹಳೆಯ ವಿಡಿಯೊ ಹಾಕಿದರು. ಅದರ ಕೆಳಗೆ ಮುಗಿದ ಕೈಗಳ ಸಾಲು ಬೆಳೆಯುತ್ತ ಹೋಯಿತು. "ಮ್ಯಾಥ್ಸ್ ಭಯ ಹೋಗಿದ್ದೇ ಸಾರ್ ಇಂದ." "ಇಂಥ ಲೆಕ್ಚರರ್ ಇನ್ನು ಸಿಗಲ್ಲ ಗುರು." ಎಲ್ಲವೂ ನಿಜವೇ. ಆದರೆ ಅದೇ ವಿಡಿಯೊವನ್ನು ಸಾರ್ ಕೊನೆಯ ಮೂರು ವರ್ಷ ನೋಡಲು ಒಪ್ಪುತ್ತಿರಲಿಲ್ಲ. ಯಾರಾದರೂ ಫೋನನ್ನು ಮುಂದೆ ಹಿಡಿದರೆ "ಆಮೇಲೆ, ಆಮೇಲೆ" ಎಂದು ಮುಖ ತಿರುಗಿಸುತ್ತಿದ್ದರು. ಯಾಕೆಂದು ಬಲ್ಲವರು ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬಳು ಆ ವಿಡಿಯೊದಲ್ಲಿ ಓಡುತ್ತಿರುವ ಶಿವಲೀಲಾ.

ಹತ್ತನೇ ತರಗತಿಯಿಂದ ನಾನು ದಿನಚರಿ ಬರೆಯುತ್ತಿದ್ದೇನೆ. ಯಾವ ದಿನ ಯಾವ ಪಾಠ, ಯಾರು ಬಂದಿರಲಿಲ್ಲ, ಬಸ್ಸು ಎಷ್ಟು ತಡ, ಎಲ್ಲಕ್ಕೂ ಗೆರೆ ಎಳೆದು ಲೆಕ್ಕ ಇಡುವ ಚಟ. ಸಾರ್ ಅದನ್ನು ಮೊದಲ ತಿಂಗಳಲ್ಲೇ ಕಂಡುಹಿಡಿದಿದ್ದರು. "ನೀನು ನಮ್ಮ ಸ್ಕೋರರ್ರು" ಎಂದರು. ಅಲ್ಲಿಂದ ಮುಂದೆ ಮೈದಾನದಲ್ಲಿ ಅಳೆದ ರೀಡಿಂಗುಗಳೆಲ್ಲ ನನ್ನ ಪುಸ್ತಕದಲ್ಲಿ.

ಬೆಂಗಳೂರಿನ ಬಸವೇಶ್ವರನಗರದ ನಮ್ಮ ಕಾಲೇಜಿಗೆ ಮೈದಾನವಿರಲಿಲ್ಲ. ಕೆಳಗೆ ಪೀಠೋಪಕರಣದ ಅಂಗಡಿ, ಮೇಲಿನ ಮೂರು ಮಹಡಿ ಕಾಲೇಜು. ಗಣಿತದ ಸಾರ್ ಆ ಮೆಟ್ಟಿಲುಗಳನ್ನು ಒಂದೊಂದಾಗಿ, ಎಡಗಾಲನ್ನು ಮೊದಲಿಟ್ಟು ಹತ್ತುತ್ತಿದ್ದರು. ಬಲ ಮಂಡಿ ಹುಡುಗನಾಗಿದ್ದಾಗಲೇ ಖೋಖೋದಲ್ಲಿ ಹೋಗಿತ್ತು. ಇಸ್ತ್ರಿ ಮಾಡಿದ ಪ್ಯಾಂಟು, ತುಂಬು ತೋಳಿನ ಅಂಗಿ, ಅದರ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು. ತರಗತಿಯಲ್ಲಿ ಅವರು ಕುರ್ಚಿಯ ಮೇಲೆ ಕೂತದ್ದನ್ನು ನಾನು ಒಂದೇ ಒಂದು ಸಲ ನೋಡಿದ್ದೇನೆ.

ಅವರು ಲೆಕ್ಕ ಶುರು ಮಾಡುತ್ತಿದ್ದದ್ದು ಎರಡು ಪ್ರಶ್ನೆಗಳಿಂದ. ಏನು ಬದಲಾಗ್ತಿದೆ? ಏನು ಬದಲಾಗ್ತಿಲ್ಲ? ಬೋರ್ಡಿನ ಮಧ್ಯೆ ಒಂದು ಗೆರೆ ಎಳೆದು ಆ ಕಡೆ ಈ ಕಡೆ ಬರೆಸುತ್ತಿದ್ದರು. ಎರಡೂ ಕಡೆ ತುಂಬುವವರೆಗೆ ಸೂತ್ರದ ಮಾತು ಎತ್ತುವಂತಿರಲಿಲ್ಲ. ಪುಸ್ತಕದಲ್ಲಿ ಗೋಡೆಗೆ ಒರಗಿಸಿದ ಏಣಿ ಜಾರುತ್ತದೆ, ಮರಳಿನ ರಾಶಿ ಬೆಳೆಯುತ್ತದೆ, ಬಲೂನು ಊದುತ್ತದೆ. ಒಂದು ಬದಲಾದರೆ ಇನ್ನೊಂದು ಯಾವ ದರದಲ್ಲಿ ಬದಲಾಗುತ್ತದೆ ಎಂದು ಕೇಳುತ್ತಾರೆ. ಸಾರ್‌ಗೆ ಆ ಏಣಿ ಕಂಡರಾಗದು. "ಜಾರೋ ಏಣಿ ಪಕ್ಕ ನಿಂತ್ಕೊಂಡು ಯಾವನಾದ್ರೂ ಲೆಕ್ಕ ಮಾಡ್ತಾನೇನ್ರೋ? ಹಿಡ್ಕೋತಾನೆ! ಆಟ ನೋಡಿ. ಆಟದಲ್ಲಿ ಎಲ್ಲಾ ಓಡ್ತಾ ಇರತ್ತೆ, ಯಾರಿಗೂ ಹಿಡೀಬೇಕು ಅನ್ನಿಸಲ್ಲ."

ಹಾಗಾಗಿ ಶನಿವಾರ ಬೆಳಿಗ್ಗೆ ಕುರುಬರಹಳ್ಳಿಯ ಮೈದಾನ. ಅಲ್ಲಿ ಕ್ರಿಕೆಟ್ ಹುಡುಗರು ನಮಗಿಂತ ಮುಂಚೆ ಬಂದಿರುತ್ತಿದ್ದರು.

"ಸಾರ್, ಪಿಚ್ ಮೇಲೆ ಹಗ್ಗ ಎಳೀಬೇಡಿ ಸಾರ್, ಮ್ಯಾಚಿದೆ."

"ಅರ್ಧ ಗಂಟೆ ಕಣಪ್ಪ. ಒಂದು ಸ್ಟಂಪ್ ಕೊಡು."

"ಲಾಸ್ಟ್ ವೀಕೂ ಅರ್ಧ ಗಂಟೆ ಅಂದ್ರಿ."

"ಅದೇ ಅರ್ಧ ಗಂಟೇನೇ ಇನ್ನೂ ಮುಗ್ದಿಲ್ಲ ಅನ್ಕೋ."

ಬಟ್ಟೆ ಒಣಹಾಕುವ ನೈಲಾನ್ ಹಗ್ಗ. ಮೀಟರಿಗೊಂದರಂತೆ ಕೆಂಪು ದಾರದ ಗಂಟು. ಕಾಂಪೌಂಡಿನ ಉದ್ದಕ್ಕೂ ಸುಣ್ಣದಲ್ಲಿ ಒಂದು ನೇರ ಗೆರೆ, ಅದು ಬೌಂಡರಿ. ಗೆರೆಯಿಂದ ಎಂಟು ಮೀಟರ್ ಒಳಗೆ ಸ್ಟಂಪು. ಸ್ಟಂಪಿನ ಪಕ್ಕ ಹಗ್ಗ ಹಿಡಿದು ನಿಂತವನು ಬೌಲರ್. ಹಗ್ಗದ ಇನ್ನೊಂದು ತುದಿ ಸೊಂಟಕ್ಕೆ ಕಟ್ಟಿಕೊಂಡು ಗೆರೆಯ ಮೇಲೆ ನಿಧಾನವಾಗಿ ಓಡುವವರು ಫೀಲ್ಡರ್. ಕ್ರಿಕೆಟ್ ಹುಡುಗನೊಬ್ಬ ನಗುತ್ತ ಕೇಳಿದ್ದ: "ಎಂಟು ಮೀಟರ್ ಬೌಂಡರಿ ಯಾವೂರಲ್ಲಿದೆ ಸಾರ್?"

"ಕುರುಬರಹಳ್ಳೀಲಿದೆ. ಆ ಕಡೆ ಗೋಡೆ ಒಡಿಸಿಕೊಡು, ಎಂಬತ್ತು ಮಾಡ್ತೀನಿ."

ಫೀಲ್ಡರ್ ದೂರದಿಂದ ಬರುವಾಗ ಬೌಲರ್ ಹಗ್ಗವನ್ನು ಸಡಿಲಬಿಡದೆ ಒಳಗೆಳೆದುಕೊಳ್ಳುತ್ತಿರಬೇಕು. ಎದುರಿಗೆ ಬಂದು ದಾಟಿ ಹೋದ ಮೇಲೆ ಹಗ್ಗ ತಾನಾಗಿ ಅಂಗೈಯಿಂದ ಜಾರಿಹೋಗುತ್ತದೆ. ಎಳೆಯಬಾರದು, ತಡೆಯಬಾರದು. ಒಬ್ಬ ಸೆಕೆಂಡು ಕೂಗುತ್ತಾನೆ, ಬೌಲರ್ ಎಷ್ಟು ಗಂಟು ಕೈ ದಾಟಿತೆಂದು ಹೇಳುತ್ತಾನೆ, ನಾನು ಬರೆದುಕೊಳ್ಳುತ್ತೇನೆ.

ಮೊದಲ ಸಲ ಹಗ್ಗ ಹಿಡಿದ ದಿನ ನನಗೆ ಮೈ ಜುಮ್ಮೆಂದಿತ್ತು. ಶಿವಲೀಲಾ ಸರಿಯಾಗಿ ನನ್ನ ಎದುರಿಗೆ ಬಂದ ಆ ಗಳಿಗೆ ಹಗ್ಗ ಕೈಯಲ್ಲಿ ನಿಂತೇ ಹೋಯಿತು. ಒಳಗೂ ಇಲ್ಲ, ಹೊರಗೂ ಇಲ್ಲ. ಓಡುವವಳು ಮಾತ್ರ ಓಡುತ್ತಲೇ ಇದ್ದಾಳೆ. ಆಮೇಲೆ ಮೆಲ್ಲಗೆ ಹೊರಟಿತು, ಹೋಗ್ತಾ ಹೋಗ್ತಾ ಜೋರಾಯಿತು. ಓಟ ಒಂದೇ ಸಮ, ಹಗ್ಗ ಒಂದೇ ಸಮ ಅಲ್ಲ. ಅವಳು ಆರು ಮೀಟರ್ ದಾಟಿದಾಗ ನಮ್ಮಿಬ್ಬರ ನಡುವೆ ಹತ್ತು ಮೀಟರ್; ಸೆಕೆಂಡಿಗೆ ಎರಡು ಮೀಟರಿನಂತೆ ಓಡುತ್ತಿದ್ದರೂ ಹಗ್ಗ ಹೋಗುವುದು ಒಂದೂಕಾಲಕ್ಕಿಂತ ಸ್ವಲ್ಪ ಕಡಿಮೆ. ಆ ಲೆಕ್ಕವನ್ನು ನಾನು ಮತ್ತೆಂದೂ ತಪ್ಪು ಮಾಡಿಲ್ಲ. ನಮ್ಮ ತರಗತಿಯಲ್ಲಿ ಹಗ್ಗ ಹಿಡಿದ ಯಾರೂ ಮಾಡಿಲ್ಲ.

ಇದಕ್ಕೆಲ್ಲ ಒಂದೇ ಸಮ ಓಡುವವರು ಬೇಕು. ಹುಡುಗರು ಓಡಿದರೆ ಶುರುವಿನಲ್ಲಿ ಬಾಣ, ಕೊನೆಯಲ್ಲಿ ಬಸವನಹುಳು. ರೀಡಿಂಗುಗಳು ಯಾವುದಕ್ಕೂ ತಾಳೆಯಾಗುತ್ತಿರಲಿಲ್ಲ. ಎರಡನೇ ಶನಿವಾರ ಸಾರ್ ಶಿವಲೀಲಾಳನ್ನು ಕರೆದರು. ಯಾದಗಿರಿ ಕಡೆಯ ಹುಡುಗಿ. ಅಪ್ಪ ಉಲ್ಲಾಳದ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ. ಹತ್ತರವರೆಗೆ ಕನ್ನಡ ಮಾಧ್ಯಮ. ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ, ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಚಪ್ಪಲಿ ಬಿಟ್ಟು, ವೇಲನ್ನು ಸೊಂಟಕ್ಕೆ ಬಿಗಿದು ಅವಳು ಆ ಗೆರೆಯ ಮೇಲೆ ಓಡಿದಳು. ರೀಡಿಂಗು ಪುಸ್ತಕದ ಉತ್ತರಕ್ಕೆ ಕೂದಲೆಳೆಯಷ್ಟು ಹತ್ತಿರ ಬಂತು. ಸಾರ್ ಮಂಡಿನೋವು ಮರೆತು ಕುಣಿದುಬಿಟ್ಟರು. "ಇದು ಕಣ್ರೋ ಸ್ಥಿರ ವೇಗ! ಇನ್ನೊಂದ್ಸಲ ಓಡಮ್ಮ."

"ಹೂಂ ರೀ ಸರ್" ಎಂದಳು ಶಿವಲೀಲಾ. ಅವಳ ಮುಖದಲ್ಲಿ ಅಂಥ ನಗುವನ್ನು ನಾನು ಅದುವರೆಗೆ ನೋಡಿರಲಿಲ್ಲ.

ಆ ವರ್ಷ ಹದಿನಾಲ್ಕು ಶನಿವಾರ ಮೈದಾನಕ್ಕೆ ಹೋಗಿದ್ದೇವೆ. ಹೆಚ್ಚುಕಡಿಮೆ ಎಲ್ಲರೂ ಹಗ್ಗ ಹಿಡಿದರು. ಒಬ್ಬ ಹುಡುಗ ವಿಡಿಯೊ ಮಾಡಿದ, ಕಾಲೇಜಿನವರು ಅದನ್ನು ಕತ್ತರಿಸಿ ಅಡ್ಮಿಷನ್ ಜಾಹೀರಾತಿಗೆ ಹಾಕಿಕೊಂಡರು. ಹಾಲಿನಂಗಡಿಯವರೂ ದನಿ ಕೇಳಿ ಸಾರ್ ಅವರನ್ನು ಗುರುತು ಹಿಡಿಯತೊಡಗಿದರು. ಅವರಿಗೆ ಖುಷಿಯಾಗಿತ್ತು, ಮುಚ್ಚಿಡುತ್ತಿರಲಿಲ್ಲ.

ಪೂರ್ವಸಿದ್ಧತಾ ಪರೀಕ್ಷೆಗೆ ಅವರೇ ಒಂದು ಪ್ರಶ್ನೆ ಕಟ್ಟಿದರು. ನಮ್ಮದೇ ಬೌಂಡರಿ, ನಮ್ಮದೇ ಬೌಲರ್, ನಮ್ಮದೇ ಫೀಲ್ಡರ್. ಉಚಿತವಾಗಿ ಐದು ಅಂಕ ಎಂದು ನಾವೆಲ್ಲ ನಗುತ್ತ ಹೊರಬಂದೆವು. ಉತ್ತರ ಪತ್ರಿಕೆ ಹಂಚುವ ದಿನ ಸಾರ್ ಒಂದನ್ನು ಮಾತ್ರ ಕೈಯಲ್ಲಿ ಉಳಿಸಿಕೊಂಡರು.

"ಶಿವಲೀಲಾ, ಇದನ್ನ ಯಾಕಮ್ಮ ಹೀಗೆ ಬರೆದೆ?"

ಅವಳು ಎದ್ದು ನಿಂತಳು. "ನಾ ಒಂದೇ ಸಮ ಓಡತೀನಲ್ರೀ ಸರ್. ಹಂಗಾರ ದೂರಾನೂ ಒಂದೇ ಸಮ ಹೆಚ್ಚಾಗತದ ಅಲ್ರೀ? ಸೆಕೆಂಡಿಗೆ ಎರಡು ಮೀಟರ್."

ಹಿಂದಿನ ಬೆಂಚಿನಿಂದ ಯಾರೋ, "ಅಯ್ಯೋ, ಓಡಿದ್ದೇ ನೀನಲ್ವೇನೇ!" ಎಂದರು. ತರಗತಿ ಗೊಳ್ಳೆಂದಿತು.

ಸಾರ್ ನಗಲಿಲ್ಲ. "ನೀನು ಒಂದ್ಸಲಾನಾದ್ರೂ ಹಗ್ಗ ಹಿಡಿದಿದೀಯಾ?"

"ಇಲ್ರೀ. ಹಗ್ಗ ಹೆಂಗಿರ್ತದ ನನಗ ಗೊತ್ತಿಲ್ರೀ ಸರ್. ಅದು ಯಾವಾಗ್ಲೂ ನನ್ನ ಹಿಂದ ಇರ್ತಿತ್ತು."

ಆಗಲೇ ಅವರು ಕುರ್ಚಿಯ ಮೇಲೆ ಕೂತದ್ದು. ಗಂಟೆ ಹೊಡೆಯುವವರೆಗೆ ಏಳಲಿಲ್ಲ. ಅವಳ ಪತ್ರಿಕೆಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

ಅಷ್ಟರಲ್ಲಿ ವಾರ್ಷಿಕ ಪರೀಕ್ಷೆ ತಲೆಯ ಮೇಲಿತ್ತು. ಇನ್ನು ಮೈದಾನ ಬೇಡ ಎಂದು ಕಾಲೇಜಿನವರು ಖಡಾಖಂಡಿತವಾಗಿ ಹೇಳಿದ್ದರು. ಸಾರ್ ಅವಳನ್ನು ಸಂಜೆ ನಿಲ್ಲಿಸಿಕೊಂಡು ಬೋರ್ಡಿನ ಮೇಲೆ ಹೇಳಿಕೊಟ್ಟರು. ಅವಳು "ಹೂಂ ರೀ ಸರ್" ಎನ್ನುತ್ತಿದ್ದಳು. ಅರ್ಥವಾದಾಗಲೂ ಆಗದಿದ್ದಾಗಲೂ ಅವಳು ಹೇಳುತ್ತಿದ್ದದ್ದು ಅದನ್ನೇ ಎಂದು ಪಕ್ಕದಲ್ಲಿ ಕೂರುವ ನನಗೆ ಗೊತ್ತಿತ್ತು. ಫಲಿತಾಂಶ ಬಂದಾಗ ನಮ್ಮ ತರಗತಿಯಲ್ಲಿ ಗಣಿತದಲ್ಲಿ ನಪಾಸಾದವಳು ಅವಳೊಬ್ಬಳೇ.

ಒಂದು ಸಂಜೆ ಸಾರ್ ಫೋನ್ ಮಾಡಿದರು. "ಶಿವಲೀಲಾ ಮನೆಗೆ ಹೋಗ್ಬೇಕು. ಒಬ್ನೇ ಹೋದ್ರೆ ಚೆನ್ನಾಗಿರಲ್ಲ. ನೀನೂ ಬರ್ತೀಯಾ?"

ಉಲ್ಲಾಳ ಅವರದೇ ಊರು. ಬಸ್ಸಿಳಿದು ನಡೆಯುವಾಗ "ಇಲ್ಲಿಂದ ಆ ಟ್ಯಾಂಕಿನವರೆಗೆ ನಮ್ಮಪ್ಪ ರಾಗಿ ಬೆಳೀತಿದ್ರು" ಎಂದರು. ಈಗ ಅಲ್ಲಿ ಅಡ್ಡರಸ್ತೆಗಳು, ಪಿಜಿಗಳು. ಇನ್ನೂ ಸ್ವಲ್ಪ ದೂರ ನಡೆದು ಇನ್ನೊಂದು ಮಾತು ಹೇಳಿದರು. "ದಿನಾ ಒಂದೇ ಬಸ್ಸಲ್ಲಿ ಬರ್ತಿದ್ವಿ ಕಣಮ್ಮ ಅವಳೂ ನಾನೂ. ಒಂದು ದಿನ ಪಾಠ ತಿಳೀತಾ ಅಂತ ಕೇಳ್ಲಿಲ್ಲ. 'ಶನಿವಾರ ಬರ್ತೀಯಲ್ಲಮ್ಮ?' ಅಷ್ಟೇ ಕೇಳ್ತಿದ್ದಿದ್ದು."

ಕಟ್ಟುತ್ತಿರುವ ಒಂದು ಕಟ್ಟಡದ ಹಿಂದೆ ಎರಡು ಕೋಣೆ. ಶಿವಲೀಲಾ ಇರಲಿಲ್ಲ. ಜ್ಞಾನಭಾರತಿ ಕಡೆ, ಹತ್ತು ನಿಮಿಷದಲ್ಲಿ ಸಾಮಾನು ಮನೆಗೆ ತಲುಪಿಸುವ ಕಂಪನಿಯೊಂದರ ಗೋಡೌನಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದ್ದಳು. ಅವಳ ಅಮ್ಮ ಚಾಪೆ ಹಾಸಿ "ಕುಂದರ್ರಿ ಸರ್" ಎಂದು ಚಹಾ ಕೊಟ್ಟರು.

"ಮನ್ಯಾಗ ನಿಮ್ಮ ಮಾತೇ ರೀ. ಸರ್ ನನ್ನ ಬಿಟ್ಟು ಬ್ಯಾರೆ ಯಾರನ್ನೂ ಓಡಸೂದಿಲ್ಲ ಅಂತ. ನಮಗೂ ಭಾಳ ಖುಷಿ ಆಗಿತ್ತು." ಸೆರಗಿನಿಂದ ಕೈ ಒರೆಸಿಕೊಂಡು, ಜಗಳವಲ್ಲದ ದನಿಯಲ್ಲೇ ಕೇಳಿದರು: "ಉಳದ ಹುಡುಗ್ರೆಲ್ಲ ಪಾಸಾದ್ರಲ್ರೀ ಸರ್, ಆ ಲೆಕ್ಕದಾಗ?"

ಸಾರ್ ಲೋಟ ಕೆಳಗಿಟ್ಟರು. "ಆದ್ರಮ್ಮ. ಎಲ್ರೂ ಪಾಸಾದ್ರು. ಅವಳಿಂದಲೇ."

ಬೈಗುಳ ಬಿದ್ದಿದ್ದರೆ ಅವರಿಗೆ ಹಗುರವಾಗುತ್ತಿತ್ತೇನೋ. ಆ ತಾಯಿ ಬೈಯಲಿಲ್ಲ. ಇನ್ನೊಂದಿಷ್ಟು ಚಹಾ ಹಾಕಲೇ ಎಂದರು.

ಮುಂದಿನ ಭಾನುವಾರ ಶಿವಲೀಲಾಗೆ ರಜೆ. ಸಾರ್ ಹಗ್ಗ ತಂದಿದ್ದರು. ಅವರ ಅಣ್ಣನ ಪಾಲಿಗೆ ಉಳಿದಿದ್ದ ಖಾಲಿ ಸೈಟು, ಒಂದು ಕಡೆ ಜಲ್ಲಿ ರಾಶಿ. ಕಾಲಿನಿಂದಲೇ ಗೆರೆ ಎಳೆದು, ಎಂಟು ಮೀಟರ್ ಅಳೆದು, ಒಂದು ಕಬ್ಬಿಣದ ಸರಳು ನೆಟ್ಟರು. ಶಿವಲೀಲಾ ರೂಢಿಯಂತೆ ಚಪ್ಪಲಿ ಬಿಟ್ಟು ಗೆರೆಯ ತುದಿಗೆ ಹೋದಳು.

"ಅಲ್ಲಲ್ಲ. ನೀನು ಇಲ್ಲಿ ನಿಂತ್ಕೋ." ಹಗ್ಗವನ್ನು ಅವಳ ಕೈಗೆ ಕೊಟ್ಟು ಇನ್ನೊಂದು ತುದಿಯನ್ನು ತಮ್ಮ ಬೆಲ್ಟಿಗೆ ಕಟ್ಟಿಕೊಂಡರು.

"ನೀವ್ಯಾಕ್ರೀ ಸರ್? ಇಕಿ ಓಡ್ಲಿ" ಎಂದು ನನ್ನನ್ನು ತೋರಿಸಿದಳು.

"ಇವಳು ಬರ್ಕೊಳ್ಳೋಳು. ಓಡೋದು ನಾನು."

ಓಟ ಎನ್ನಲಾಗದು. ಬಿರುಸಾದ ನಡಿಗೆ, ಮಧ್ಯೆ ಮಧ್ಯೆ ಒಂದು ಕುಪ್ಪಳ. ಆದರೂ ಒಂದೇ ಸಮವಾಗಿ ಬರಲು ತುಟಿ ಕಚ್ಚಿ, ತಮಗೆ ತಾವೇ ತಾಳ ಹೇಳಿಕೊಳ್ಳುತ್ತ ಬಂದರು. ಶಿವಲೀಲಾ ಹಗ್ಗವನ್ನು ಒಳಗೆಳೆದುಕೊಳ್ಳುತ್ತಿದ್ದಳು. ಅವರು ಸರಳಿನ ನೇರಕ್ಕೆ ಬಂದರು. ಅವಳ ಕೈ ನಿಂತಿತು. ಕಣ್ಣು ಅಂಗೈಯ ಮೇಲೆ.

"ಸರ್, ನಿಂತ್ಬಿಡ್ತ್ರೀ!"

"ನಾನು ನಿಂತಿಲ್ಲ!" ಎಂದು ಕೂಗಿದರು ಸಾರ್, ಹೋಗುತ್ತಲೇ.

"ಇಲ್ರೀ, ನೀವ್ ನಿಂತಿಲ್ಲ. ಹಗ್ಗ ನಿಂತದ! ಈಗ ಹೊಂಟ್ತ್ರೀ... ಮೆಲ್ಲಕ... ಈಗ ಜೋರ್ ಆಗಾಕತ್ತದ!" ಅವಳು ನಗುತ್ತಿದ್ದಳು. ಕೆಂಪು ಗಂಟುಗಳು ಒಂದೊಂದಾಗಿ ಅವಳ ಬೆರಳು ದಾಟುತ್ತಿದ್ದವು, ನಾನು ಬರೆದುಕೊಳ್ಳುತ್ತಿದ್ದೆ. ಇದ್ದಕ್ಕಿದ್ದಂತೆ ಅವಳು ಮುಷ್ಟಿ ಬಿಗಿದಳು. ಬೆಲ್ಟು ಜಗ್ಗಿ ಸಾರ್ ತಡವರಿಸಿ ನಿಂತರು.

"ಯಾಕಮ್ಮ ಹಿಡ್ಕೊಂಡೆ? ಹಗ್ಗ ತಡೀಬಾರ್ದು, ಗೊತ್ತಲ್ಲ?"

"ಕಾಲು ಎಳೀತಿದ್ರಿ ಸರ್. ಸಾಕು."

"ರೀಡಿಂಗ್ ಹೋಯ್ತಲ್ಲೇ."

"ಹೋದ್ರ ಹೋಗ್ಲಿ ಬಿಡ್ರೀ."

ಸಾರ್ ಜಲ್ಲಿ ರಾಶಿಯ ಮೇಲೆ ಕೂತು ಮಂಡಿ ಒತ್ತಿಕೊಂಡರು. ಅವಳು ಒಂದು ಕಡ್ಡಿ ತೆಗೆದುಕೊಂಡು, ಯಾರೂ ಹೇಳದೆಯೇ, ನೆಲದ ಮೇಲೆ ಗೆರೆ ಎಳೆದು ಆ ಕಡೆ ಈ ಕಡೆ ಬರೆದಳು. ಆಮೇಲೆ ಲೆಕ್ಕ ಮಾಡಿದಳು. ಉತ್ತರ ಸರಿಯಾಗಿತ್ತು.

ನನ್ನನ್ನು ಬಸ್ ಸ್ಟಾಪಿಗೆ ಬಿಡಲು ಬರುವಾಗ ಸಾರ್ ಕೇಳಿದರು. "ನಿನ್ನ ರೀಡಿಂಗ್ ಪುಸ್ತಕದಲ್ಲಿ ಓಡೋರ ಕಾಲಂನಲ್ಲಿ ಅವಳ ಹೆಸರು ಎಷ್ಟ್ ಸಲ ಇದೆ?"

"ಒಂದೇ ಸಲ ಸಾರ್. ಕೆಳಗೆಲ್ಲ ಡಿಟ್ಟೋ ಹಾಕಿದೀನಿ."



ನಪಾಸಾದವರಿಗೆ ಅದೇ ವರ್ಷ ನಡೆಸುವ ಎರಡನೇ ಪರೀಕ್ಷೆಗೆ ಗೋಡೌನಿನವರು ರಜೆ ಕೊಡಲಿಲ್ಲ, ಅವಳು ಬರೆಯಲಿಲ್ಲ. ಮೂರನೆಯದನ್ನು ಬರೆದು ಪಾಸಾದಳು. "ಯಾವ ಲೆಕ್ಕ ಬಂದಿತ್ತೇ?" ಎಂದು ಕೇಳಿದರೆ "ಏಣಿ" ಎಂದಳು. ಅಷ್ಟು ಹೊತ್ತಿಗೆ ಡಿಗ್ರಿ ಕಾಲೇಜುಗಳ ಬಾಗಿಲು ಮುಚ್ಚಿತ್ತು. ಮರುವರ್ಷ ಸಾರ್ ತಾವೇ ಅರ್ಜಿ ತಂದುಕೊಟ್ಟರು. ಆಗ ಅವಳ ಸಂಬಳ ಮನೆಗೆ ಬೇಕಾಗಿತ್ತು. ಪಾಸಾದಳೆಂದು ನಾವು ಸಮಾಧಾನಪಟ್ಟುಕೊಂಡೆವು. ಸಾರ್ ಪಡಲಿಲ್ಲ. "ಒಂದು ವರ್ಷ ಅಲ್ಲ ಕಣಮ್ಮ ಹೋಗಿದ್ದು. ಆ ವರ್ಷದ ಹಿಂದೆ ಏನೇನು ಕಟ್ಕೊಂಡಿತ್ತೋ ಅದೆಲ್ಲ ಹೋಯ್ತು" ಎಂದರು ಒಮ್ಮೆ.

ಆಮೇಲಿನ ಬ್ಯಾಚುಗಳಲ್ಲಿ ಅವರು ಒಂದು ನಿಯಮ ಮಾಡಿದ್ದರಂತೆ. ಒಮ್ಮೆ ಓಡಿದವರು ಮತ್ತೆ ಓಡುವಂತಿಲ್ಲ, ಓಡಿದವರ ಕೈಗೇ ಮುಂದಿನ ಸಲ ಹಗ್ಗ. ರೀಡಿಂಗುಗಳು ಕೆಟ್ಟುಹೋದವು, ಯಾವುದೂ ಪುಸ್ತಕದ ಉತ್ತರದ ಹತ್ತಿರ ಬರುತ್ತಿರಲಿಲ್ಲ. "ಮೊದಲಿನ ಥರ ಪಕ್ಕಾ ಬರ್ತಿಲ್ವಲ್ಲ ಸಾರ್, ವಿಡಿಯೊ ಮಾಡೋಕಾಗಲ್ಲ" ಎಂದು ಕಾಲೇಜಿನವರು ಗೊಣಗಿದರು. "ಬರ್ದಿದ್ರೆ ಬೇಡ" ಎಂದರಂತೆ ಸಾರ್. ಹೋದ ವರ್ಷ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ದೊಡ್ಡ ಪರದೆಯ ಮೇಲೆ ಅದೇ ವಿಡಿಯೊ ಹಾಕಿದಾಗ, ನೀರು ಕುಡಿದು ಬರುತ್ತೇನೆಂದು ಎದ್ದುಹೋದವರು ಅದು ಮುಗಿಯುವವರೆಗೆ ಬರಲಿಲ್ಲ.

ಹನ್ನೊಂದನೇ ದಿನದ ಕಾರ್ಯಕ್ಕೆ ನಾನು ಉಲ್ಲಾಳಕ್ಕೆ ಹೋದೆ. ಶಿವಲೀಲಾ ಗೋಡೌನಿನ ಟೀ ಶರ್ಟಿನಲ್ಲೇ ಬಂದಿದ್ದಳು, ಮಧ್ಯಾಹ್ನ ಶಿಫ್ಟು. ಈಗ ಅವಳ ಕೈಕೆಳಗೆ ಆರು ಜನ ಇದ್ದಾರಂತೆ. ಊಟ ಮುಗಿಸಿ ಶಾಮಿಯಾನದ ಅಂಚಿನಲ್ಲಿ ಕೂತೆವು.

"ಎಲ್ಲಾರೂ ಆ ವಿಡಿಯೊ, ಆ ವಿಡಿಯೊ ಅನ್ನಾಕತ್ತಾರ. ನಾ ಆ ಗುಂಪಿನಾಗ ಇಲ್ಲಲ್ಲ. ತೋರಸು" ಎಂದಳು.

ನನ್ನ ಬಳಿ ಇರುವುದು ಕತ್ತರಿಸದ ಪೂರ್ತಿ ವಿಡಿಯೊ. ತೋರಿಸಲು ಮನಸ್ಸಿರಲಿಲ್ಲ. ಅವಳು ಕೈ ಚಾಚಿಯೇ ಇದ್ದಳು.

ಸಾರ್ ಅದರಲ್ಲಿ ಕಾಣಿಸುವುದಿಲ್ಲ, ದನಿ ಮಾತ್ರ ಇದೆ. ಬಿಳಿ ಗೆರೆ, ಗೋಡೆ, ದೂರದಿಂದ ಒಂದೇ ಸಮ ಓಡಿಬರುವ ಶಿವಲೀಲಾ. "ಏನು ಬದಲಾಗ್ತಿದೆ?" ಎಂದು ಸಾರ್ ಕೂಗುತ್ತಾರೆ. "ದೂರ!" ಎಂದು ನಾವೆಲ್ಲ. ಮುಂದಿನದು ಬರುವ ಮೊದಲು ದನಿ ತಗ್ಗಿಸಲು ಬೆರಳು ಚಾಚಿದೆ. ಅವಳು ನನ್ನ ಕೈ ಸರಿಸಿದಳು. "ಇರ್ಲಿ ಬಿಡು."

"ಏನು ಬದಲಾಗ್ತಿಲ್ಲ?"

ಅವಳ ವೇಗ ಎನ್ನಬೇಕಿತ್ತು. ಮೊದಮೊದಲು ಹಾಗೇ ಎನ್ನುತ್ತಿದ್ದೆವು. ಆಮೇಲಾಮೇಲೆ ಚಿಕ್ಕದು ಮಾಡಿಕೊಂಡಿದ್ದೆವು. ನಲವತ್ತು ಜನ ಒಂದೇ ದನಿಯಲ್ಲಿ, ನಗುತ್ತ, ಚಪ್ಪಾಳೆ ತಟ್ಟುತ್ತ ಕೂಗಿದೆವು:

"ಶಿವಲೀಲಾ!"

ಪರದೆಯಲ್ಲಿ ಅವಳು ಸ್ಟಂಪಿನ ನೇರಕ್ಕೆ ಬಂದು, ದಾಟಿ, ಚೌಕಟ್ಟಿನಿಂದ ಆಚೆ ಹೋದಳು. ಜಾಹೀರಾತಿನ ವಿಡಿಯೊ ಮುಗಿಯುವುದು ಅಲ್ಲಿಗೆ. ಇದರಲ್ಲಿ ಇನ್ನೂ ಸ್ವಲ್ಪ ಇದೆ. ಖಾಲಿ ಗೋಡೆ, ನೆಲದ ಮೇಲೆ ಎಳೆದುಕೊಂಡು ಹೋಗುವ ಹಗ್ಗದ ಸದ್ದು, ಮತ್ತೆ ಸಾರ್ ದನಿ: "ಚೆನ್ನಾಗಿತ್ತು. ಇನ್ನೊಂದ್ಸಲ ಓಡಮ್ಮ."

ಚೌಕಟ್ಟಿನ ಆಚೆಯಿಂದ, ಏದುಸಿರಿನ ನಡುವೆ, "ಹೂಂ ರೀ ಸರ್."

ನನ್ನ ಪಕ್ಕದಲ್ಲಿ ಶಿವಲೀಲಾಳ ತುಟಿಯೂ ಅದೇ ಮಾತಿಗೆ ಅಲ್ಲಾಡಿತು.